ಮಗಳ ಪಿಯುಸಿ, ನನ್ನ ಲಿಂಗಸುಗೂರು

ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಮಗಳು ‘ಪಪ್ಪಾ, ನಾ ಪಿಯುಸಿ ಇಲ್ಲಿ...’ ಎಂದು ಅಲ್ಲಿಗೇ ನಿಂತಳು.

‘ಇಲ್ಲೇ ಮಾಡ್ತೀನಿ ಅಂತೀಯಲ್ಲ, ಮಾಡವ್ವ. ಯಾರ್ ಬ್ಯಾಡ ಅಂತಾರ?’ ಎಂದು ಮಾತು ಮುಗಿಸಿದವನು ನಾನು.

ಅವಳು ತಲೆಯನ್ನು ಅಡ್ಡಡ್ಡ ಆಡಿಸಿದಳು. ಬಾಯಲ್ಲಿದ್ದ ಪೇಢೆ ನುಂಗಿ, ಉಸಿರೆಳೆದುಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಅವಳು ಹೇಳಬೇಕೆಂದಿದ್ದುದು, ‘ಇಲ್ಲಿ ಮಾಡಲ್ಲ’ ಎಂದು.

ನನ್ನ ಮಗಳಿಗೆ ಉಗ್ಗು ಇದೆ. ಮನೆಯಲ್ಲಿ ಕಡಿಮೆ, ಹೊರಗೆ ಹೆಚ್ಚು, ತನ್ನ ಹೆಸರು ಹೇಳುವಾಗ ಎಲ್ಲಕ್ಕಿಂತ ಹೆಚ್ಚು. ಅದು ಯಾವಾಗ ಶುರುವಾಯಿತೆಂಬ ಬಗ್ಗೆ ನನಗೂ ನನ್ನ ಹೆಂಡತಿಗೂ ಇವತ್ತಿಗೂ ಒಮ್ಮತವಿಲ್ಲ. ಶಾಲೆಗೆ ಸೇರಿದ ಮೇಲೆ ಎಂದು ನನ್ನ ನೆನಪು. ಅದಕ್ಕೂ ಮುಂಚೆ, ಇನ್ನೂ ಅಂಗನವಾಡಿಗೆ ಹೋಗುತ್ತಿರುವಾಗಲೇ ಎಂದು ಅವಳದು. ರಾಯಚೂರಿನ ದವಾಖಾನೆಯಲ್ಲಿ ತೋರಿಸಿದ್ದು ಮಾತ್ರ ಇಬ್ಬರಿಗೂ ನೆನಪಿದೆ. ಅಲ್ಲಿಯ ವೈದ್ಯೆ ‘ಮಗು ಮಾತಾಡುವಾಗ ಕಾಯಿರಿ, ನೀವು ಮುಗಿಸಬೇಡಿ’ ಎಂದು ನನಗೇ ಬೆರಳು ತೋರಿಸಿ ಹೇಳಿದ್ದರಂತೆ. ಹೆಂಡತಿ ಆಣೆ ಮಾಡಿ ಹೇಳುತ್ತಾಳೆ. ನನಗೆ ನೆನಪಿರುವುದು ಆ ಕೋಣೆಯ ಹಸಿರು ಪರದೆ ಮಾತ್ರ.

ಮಗಳು ಓದಿದ್ದು ಮೊದಲಿನಿಂದಲೂ ಮಸ್ಕಿಯ ಒಂದೇ ಶಾಲೆಯಲ್ಲಿ. ಅದೇ ಆವರಣದಲ್ಲಿ ಪಿಯುಸಿಯೂ ಇದೆ. ಅಲ್ಲಿ ಎಲ್ಲರಿಗೂ ಅವಳು ಗೊತ್ತು. ಗಟ್ಟಿಯಾಗಿ ಓದಿಸುವ ಸರದಿ ಬಂದಾಗ ಮಾಸ್ತರರು ಅವಳಿಗೆ ಕಷ್ಟ ಕೊಡಬಾರದೆಂದು ಮುಂದಿನವರಿಗೆ ಹೇಳುತ್ತಿದ್ದರು. ಪಕ್ಕದಲ್ಲಿ ಕೂರುವ ಗೆಳತಿಯಂತೂ ಬಂಗಾರದಂಥ ಹುಡುಗಿ. ಇವಳು ಬಾಯಿ ತೆರೆಯುವಷ್ಟರಲ್ಲಿ ಏನು ಬೇಕೆಂದು ತಿಳಿದು ತಾನೇ ಹೇಳಿಬಿಡುತ್ತಿದ್ದಳು. ಅಂಥ ಜಾಗವನ್ನು ಬಿಟ್ಟು, ಯಾರೂ ಗೊತ್ತಿಲ್ಲದ ಕಡೆ, ಒಂದೊಂದು ತರಗತಿಯಲ್ಲಿ ನೂರು ಮಕ್ಕಳಿರುವ ಕಡೆ ಇವಳು ಯಾಕೆ ಹೋಗಬೇಕು? ವಿಜ್ಞಾನ ಎಲ್ಲಿ ಓದಿದರೂ ಅದೇ ವಿಜ್ಞಾನ. ಗಣಿತ ಇಲ್ಲಿಯೂ ಇದೆ.

ಹೀಗೆ ವಾದಿಸುವಾಗ ನನ್ನ ಹತ್ತಿರ ಒಂದು ಬಲವಾದ ಸಾಕ್ಷಿ ಇತ್ತು. ಅದು ನಾನೇ.

ನಾನು ಪಿಯುಸಿಗೆ ಮಸ್ಕಿ ಬಿಟ್ಟು ಲಿಂಗಸುಗೂರಿಗೆ ಹೋದವನು. ಆ ಮೊದಲ ವರ್ಷದ ಕತೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಕೊನೆಯ ಬೆಂಚು, ಅದರ ಪಕ್ಕ ಮುರಿದ ಕಿಟಕಿ. ದಸರೆಯವರೆಗೂ ಯಾರೊಂದಿಗೂ ಒಂದು ಮಾತಿಲ್ಲ. ಮಧ್ಯಾಹ್ನ ಬಸ್‌ ನಿಲ್ದಾಣಕ್ಕೆ ಹೋಗಿ, ಊರಿನ ಬೋರ್ಡ್ ಇರುವ ಬಸ್ಸಿನ ಎದುರು ಕೂತು ಬುತ್ತಿ ಬಿಚ್ಚುತ್ತಿದ್ದೆ. ಹುಟ್ಟಿದಾಗಿನಿಂದ ಮಾತಿನ ಮಲ್ಲನಾದ ನನಗೇ ಹೀಗಾದರೆ ಇವಳಿಗೆ ಏನಾದೀತು? ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುವಾಗ ಒಬ್ಬನ ಅನುಭವ ಪುರಾವೆಯಲ್ಲ ಎಂದು ಪುಟಗಟ್ಟಲೆ ಬರೆದಿದ್ದೆ. ಆಮೇಲೆ ಒಂದೆಡೆ ನಿಲ್ಲದೆ ನಾಲ್ಕಾರು ಕೆಲಸ ಬದಲಿಸಿ, ಈಗ ಮಸ್ಕಿಯಲ್ಲಿ ಪಂಪು, ಪೈಪು ಮಾರುವಾಗಲೂ ಗಿರಾಕಿ ಹೇಳಿದ್ದನ್ನು ಎರಡು ಸಲ ಕೆದಕಿ ಕೇಳದೆ ನಂಬುವವನಲ್ಲ. ನನ್ನ ಮಾತನ್ನು ಮಾತ್ರ ನಾನು ಒಂದು ಸಲವೂ ಕೆದಕಿರಲಿಲ್ಲ.

ಮೊದಲು ಗೊಣಗಿದವಳು ನನ್ನ ತಾಯಿ. ‘ಬುತ್ತಿ ಯಾರ್ ಕಟ್ತಿದ್ರು ನಿನಗ? ನೀ ಬುತ್ತಿ ಒಯ್ದಿದ್ದ ನನಗ ನೆನಪಿಲ್ಲ. ಅಲ್ಲೇ ಮಿರ್ಚಿ ತಿಂದು ಬಂದು, ಸಂಜೀಗೆ ಹೊಟ್ಟಿ ನೋವು ಅಂತಿದ್ದಿ.’

‘ನಿನಗ ವಯಸ್ಸಾಗ್ಯಾದವ್ವ’ ಎಂದೆ.

‘ನಿನಗೇನು ಇಳಿಯಾಕತ್ಯಾದೇನು?’ ಎಂದಳು.

ಸಿಂಧನೂರಿನ ದಾರಿ ತೋರಿಸಿದವನು ನನ್ನ ಹೆಂಡತಿಯ ತಮ್ಮ. ಅವನದು ಅಲ್ಲಿ ಅಕ್ಕಿಯ ವ್ಯಾಪಾರ, ದೊಡ್ಡ ಮನೆ, ದೊಡ್ಡ ದನಿ. ‘ಮಾಮಾ, ಹೋಗೋದ ಖರೆ ಆದ್ರ ನಮ್ಮೂರಿಗೇ ಕಳಸ್ರಿ. ನಮ್ಮನ್ಯಾಗ ಇರ್ತಾಳ. ಕಾಲೇಜಿನಾಗ ಎಲ್ಲಾರೂ ನನ್ನ ದೋಸ್ತರ. ಹಿಂಗಿಂಗ ಹುಡುಗಿ ಅಂತ ಮೊದಲ ಹೇಳಿಟ್ಟಿರ್ತೀನಿ, ಯಾರೂ ತ್ರಾಸ ಕೊಡಂಗಿಲ್ಲ.’ ಹೆಂಡತಿಗೆ ಇದು ಹಿಡಿಸಿತು. ಒಂದು ದಿನ ಮಗಳನ್ನು ಕರೆದುಕೊಂಡು ಇಬ್ಬರೂ ಹೋದೆವು. ಕಾಲುವೆಯ ನೀರು ನಿಂತ ದಿನಗಳು, ಗದ್ದೆಗಳೆಲ್ಲ ಬರಿದಾಗಿದ್ದವು. ಆದರೂ ಊರಿನ ಗದ್ದಲಕ್ಕೇನೂ ಕಡಿಮೆಯಿರಲಿಲ್ಲ.

ಕಾಲೇಜಿನ ಕಚೇರಿಯಲ್ಲಿ ಕೂತಿದ್ದವರು ಮಗಳ ಕಡೆ ತಿರುಗಿ, ‘ಏನಮ್ಮ ನಿನ್ನ ಹೆಸರು?’ ಎಂದು ಕೇಳಿದರು. ನಾನು ಹೇಳಿದೆ. ‘ಎಷ್ಟು ಮಾರ್ಕ್ಸು?’ ಎಂದರು. ನನ್ನ ಹೆಂಡತಿ ಹೇಳಿದಳು. ‘ಯಾವ ವಿಷಯ ಇಷ್ಟ?’ ಎಂದಾಗ ಮಗಳ ಸೋದರಮಾವ, ‘ಗಣಿತರೀ, ಭಾಳ ಶಾಣ್ಯಾ ಅದಾಳ’ ಎಂದ. ಅವರು ಮಗಳನ್ನೂ ನಮ್ಮ ಮೂವರನ್ನೂ ನೋಡಿ ಅರ್ಜಿಯನ್ನು ನನ್ನ ಕಡೆಗೇ ಸರಿಸಿದರು. ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತವಳು ಮಸ್ಕಿ ಬರುವವರೆಗೂ ತಿರುಗಲಿಲ್ಲ. ಅವಳಿಗೆ ಸಿಂಧನೂರು ಹಿಡಿಸಲಿಲ್ಲ ಎಂದುಕೊಂಡೆ. ಅದನ್ನೂ ನಾನೇ ಅಂದುಕೊಂಡೆ, ಕೇಳಲಿಲ್ಲ.

ಮನೆಯಲ್ಲಿ ದಿನಕ್ಕೊಂದು ಮಾತಾಯಿತು. ನಾನು ಮಸ್ಕಿ, ಹೆಂಡತಿ ಸಿಂಧನೂರು. ಮಗಳು ಕೇಳಿದರೆ ‘ಲಿಂಗಸುಗೂರು’ ಎನ್ನುತ್ತಿದ್ದಳು. ಯಾಕೆಂದು ಹೇಳಲು ಅವಳು ಶುರು ಮಾಡುವುದರೊಳಗೆ ನಾನು ನನ್ನ ಕೊನೆಯ ಬೆಂಚಿನ ಕತೆ ತೆಗೆಯುತ್ತಿದ್ದೆ. ಕಡೆಗೆ ನನ್ನ ತಾಯಿ, ‘ನಿಮ್ಮ ಬಡಿದಾಟ ಸಾಕು. ಹೂ ಕೇಳೋಣು’ ಎಂದಳು.

ನಮ್ಮ ಮನೆದೇವರು ಇರುವುದು ಗುರುಗುಂಟಾ ಕಡೆ. ಮದುವೆಯಿರಲಿ, ಬೋರು ಕೊರೆಯುವುದಿರಲಿ, ನಮ್ಮವರು ಅಲ್ಲಿ ಹೂ ಕೇಳಿಯೇ ಮುಂದುವರಿಯುವುದು. ಪೂಜೆಯ ಅಯ್ಯನವರು ಲಿಂಗದ ಎಡಕ್ಕೂ ಬಲಕ್ಕೂ ನೀರಲ್ಲಿ ಅದ್ದಿದ ಹೂಗಳನ್ನು ಅಂಟಿಸುತ್ತಾರೆ. ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿ ಬಿಟ್ಟು ಹೇಳಬಾರದು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಒಂದೇ ಮಾತನ್ನು ಅದೇ ದಿನ ಎರಡನೆಯ ಸಲ ಕೇಳುವಂತಿಲ್ಲ. ಒದ್ದೆ ಹೂವಿನ ತೂಕ, ಕಲ್ಲಿನ ನುಣುಪು, ಗಾಳಿ ಎಂದು ನಾನು ಹರೆಯದಲ್ಲಿ ತಾಯಿಯ ಎದುರು ಬಹಳ ಭಾಷಣ ಮಾಡಿದ್ದೇನೆ. ಈ ಸಲ ಮಾತಾಡದೆ ಹೊರಟೆ. ಯಾರಾದರೂ ಸರಿ, ತೀರ್ಮಾನ ಹೇಳಿದರೆ ಸಾಕಾಗಿತ್ತು.

ಸೋಮವಾರ ನಾಲ್ವರೂ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಹೋದೆವು. ಜನ ಕಡಿಮೆ ಇದ್ದರು. ಅಯ್ಯನವರು ಹೂ ಅಂಟಿಸಿ, ‘ಹೂಂ, ಕೇಳ್ಕೋರಿ’ ಎಂದರು. ಸಾಲಾಗಿ ನಿಂತು ಎಲ್ಲರೂ ಕಣ್ಣು ಮುಚ್ಚಿದೆವು. ನಾನು ಅರ್ಧ ಮುಚ್ಚಿದ್ದೆ. ಕಾಯುವ ಪ್ರಮೇಯವೇ ಬರಲಿಲ್ಲ, ಬಲಗಡೆಯ ಹೂ ಪಟ್ಟನೆ ಜಾರಿತು.

‘ಬಲಕ್ಕಾತು!’ ಎಂದು ನನ್ನ ತಾಯಿ ಕೈಮುಗಿದಳು. ‘ನೋಡು ತಮ್ಮಾ, ಮಗು ಮಸ್ಕ್ಯಾಗ ಇರ್ಲೇನಪಾ ಅಂತ ಕೇಳಿದ್ದೆ. ಇರ್ಲಿ ಅಂದ.’

ನನ್ನ ಹೆಂಡತಿ ಕಣ್ಣು ತೆರೆದಳು. ‘ಅಯ್ಯ ಅತ್ತಿ! ಸಿಂಧನೂರಿಗೆ ಕಳಸ್ಲೇನು ಅಂತ ನಾ ಕೇಳಿದ್ದೆ!’

‘ಹೂ ಕೇಳೋಣು ಅಂದಾಕಿ ನಾನು.’

‘ಹಡೆದಾಕಿ ನಾನಲ್ರಿ?’

ಅಯ್ಯನವರಿಗೆ ನಗು ಬಂತು. ‘ಹೂ ಒಂದು, ಕೇಳಿದ್ದು ಎರಡು. ಯಾರಿಗೆ ಕೊಟ್ಟಾನಂತ ನಾ ಹ್ಯಾಂಗ ಹೇಳ್ಲಿ? ಮನ್ಯಾಗ ಮಾತಾಡಿಕೊಂಡು ಬರೋದಲ್ಲೇನ್ರೀ?’ ಎಂದು ನನ್ನ ಕಡೆ ತಿರುಗಿದರು. ‘ನೀವೇನು ಕೇಳಿದ್ರಿ?’

‘ನಾ ಇದನ್ನೆಲ್ಲ ನಂಬಂಗಿಲ್ರಿ’ ಎಂದೆ. ಆದರೆ ಕಣ್ಣು ಅರ್ಧ ಮುಚ್ಚಿದ್ದಾಗ ನನ್ನ ಮನಸ್ಸಿನಲ್ಲಿ ‘ಇಲ್ಲೇ ಇರಲಿ’ ಎಂಬ ಮಾತು ಹಾದುಹೋಯಿತೋ ಇಲ್ಲವೋ ಎಂದು ಈಗ ಯಾರಾದರೂ ಕೇಳಿದರೆ ಖಾತ್ರಿಯಾಗಿ ಹೇಳಲಾರೆ.

ಅಯ್ಯನವರು ಮಗಳನ್ನು ನೋಡಿದರು. ‘ನೀ ಏನ್ ಕೇಳಿದ್ಯವ್ವ?’

ನಾವು ಮೂವರೂ ಒಟ್ಟಿಗೇ ಬಾಯಿ ತೆರೆದೆವು. ಅವರು ವಿಭೂತಿಯ ಕೈ ಎತ್ತಿ ನಮ್ಮನ್ನು ತಡೆದರು. ಅವರಿಗೆ ಅವಳ ಉಗ್ಗು ಗೊತ್ತಿರಲಿಲ್ಲ, ಸುಮ್ಮನೆ ನಿಂತರು. ಮಗಳು ಎರಡು ಸಲ ಶುರು ಮಾಡಿ ನಿಂತು, ಮೂರನೆಯ ಸಲ ಹೇಳಿದಳು. ‘ನಾ ಕೇಳಾಕತ್ತಿದ್ದೆ ರೀ. ಅಷ್ಟ್ರಾಗ ಹೂ ಬಿತ್ತು.’

ನನ್ನ ಹೆಂಡತಿ ಸೆರಗು ಬಾಯಿಗೆ ಹಚ್ಚಿಕೊಂಡು ನಗಲು ಶುರು ಮಾಡಿದಳು. ‘ದೇವ್ರೂ ನಮ್ಮ ಮನ್ಯಾಂವನ ನೋಡ್ರಿ, ತಡಕೊಳ್ಳಲಿಲ್ಲ’ ಎಂದಳು. ತಾಯಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವಳೂ ನಕ್ಕಳು. ಮಗಳು ನಗಲಿಲ್ಲ. ಹಿಂದಿರುಗುವ ಬಸ್ಸು ಲಿಂಗಸುಗೂರಿನಲ್ಲಿ ನಿಂತಾಗ, ‘ಬಂದೀವಲ್ಲ, ಕಾಲೇಜ್ ನೋಡೋಣು’ ಎಂದು ನಮಗಿಂತ ಮೊದಲೇ ಇಳಿದಳು.

ನಾನು ದಾರಿ ತೋರಿಸುತ್ತೇನೆ ಎಂದು ಮುಂದೆ ನಡೆದೆ. ಎಡಕ್ಕೆ ಹೊರಳಬೇಕಾದಲ್ಲಿ ಬಲಕ್ಕೆ ಹೊರಳಿ ತಹಶೀಲ್ದಾರರ ಕಚೇರಿಯ ಕಡೆ ಕರೆದೊಯ್ದೆ. ಅಲ್ಲಿಂದ ಕೇಳಿಕೊಂಡು ಬರಬೇಕಾಯಿತು. ಕಾಲೇಜು ನನ್ನ ನೆನಪಿನಲ್ಲಿದ್ದುದಕ್ಕಿಂತ ಸಣ್ಣದಿತ್ತು, ಬಸ್‌ ನಿಲ್ದಾಣದಿಂದ ಬಹಳ ದೂರವೂ ಇತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅಷ್ಟು ದೂರ ನಡೆದು ಹೋಗಿ, ಉಂಡು, ತಿರುಗಿ ಬರುವುದು ಯಾವ ಹುಡುಗನಿಗೂ ಆಗುವ ಮಾತಲ್ಲ. ಕಟ್ಟಡವನ್ನೇ ಸರಿಸಿದ್ದಾರೇನೋ ಎಂದುಕೊಂಡೆ. ಗೋಡೆಯ ಕಲ್ಲು ನೋಡಿದರೆ ಸರಿಸಿದ ಹಾಗೆ ಕಾಣಲಿಲ್ಲ.

ಎದುರಿಗೆ ಒಂದು ಹೋಟೆಲು. ಮಂಡಕ್ಕಿಯ ಒಗ್ಗರಣೆ, ಮಿರ್ಚಿ ಬಜ್ಜಿ. ಗಲ್ಲಾದಲ್ಲಿ ಕೂತವನು ನನ್ನನ್ನು ನೋಡುತ್ತಲೇ ಎದ್ದು ನಿಂತ.

‘ಲೇ, ಮಸ್ಕಿ! ಬದುಕೀಯೇನಲೇ?’

ಜೊತೆಗೆ ಓದಿದವನು. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ದನಿ ಮಾತ್ರ ಅದೇ. ಎಲ್ಲರನ್ನೂ ಕೂಡಿಸಿ ತಾನೇ ತಟ್ಟೆ ತಂದಿಟ್ಟ. ಮಗಳನ್ನು ಇಲ್ಲಿಗೆ ಸೇರಿಸುವ ವಿಚಾರ ನಡೆದಿದೆ, ನನಗೆ ಮನಸ್ಸಿಲ್ಲ, ನನ್ನ ಗತಿ ಆಗ ಹೇಗಿತ್ತು ನೋಡಿದ್ದೀಯಲ್ಲ, ದಸರೆಯವರೆಗೂ ಯಾರೊಂದಿಗೂ ಮಾತಿಲ್ಲ ಎಂದೆ.

ಅವನು ನನ್ನನ್ನು ನೋಡಿ, ನನ್ನ ತಾಯಿಯನ್ನು ನೋಡಿ, ಮಗಳ ಕಡೆ ತಿರುಗಿದ. ‘ಇಂವಾ? ಮಾತಿಲ್ಲ? ಯವ್ವ, ನಿಮ್ಮಪ್ಪ ಬಾಯಿ ಮುಚ್ಚಿದ್ದ ನಾವ್ಯಾರೂ ನೋಡಿಲ್ಲ. ಸರ್ ಒಂದು ಮಾತು ಶುರು ಮಾಡಿದ್ರ ಮುಗಸಾಂವ ಇಂವ. ಒಮ್ಮೆ ಅವರು ಚಾಕ್‌ಪೀಸ್ ಇವನ ಕೈಯಾಗ ಕೊಟ್ಟು, ನೀನ ಮಾಡಪಾ ಅಂತ ಹೋಗಿ ಹಿಂದ ಕುಂತಿದ್ರು.’

ಮಗಳು ಜೋರಾಗಿ ನಕ್ಕಳು. ಆ ದಿನದ ಮೊದಲ ನಗು.

‘ಅದು ನಾನೇನಾ?’ ಎಂದೆ. ‘ಮಸ್ಕಿಯಿಂದ ಇನ್ನೊಬ್ಬ ಬರ್ತಿದ್ದ.’

‘ಅವನೂ ಬರ್ತಿದ್ದ. ಪಾಪ, ಹಿಂದಿನ ಬೆಂಚಿನಾಗ ಸುಮ್ಮನ ಕುಂತಿರ್ತಿದ್ದ. ನೀನ ಅವನ ಪರವಾಗಿ ಎಲ್ಲಾರ ಜೋಡಿ ಮಾತಾಡ್ತಿದ್ದಿ.’

ಈ ಮಾತು ಕೇಳಿದ ಮೇಲೆ ನಾನು ಎಷ್ಟೋ ದಿನ ಲೆಕ್ಕ ಹಾಕಿದ್ದೇನೆ. ಆ ಹುಡುಗನ ಒಂಟಿತನವನ್ನು ಹತ್ತಿರದಿಂದ ನೋಡಿ ನೋಡಿ ನನ್ನದೇ ಮಾಡಿಕೊಂಡೆನೋ? ಅಥವಾ ಹೋಟೆಲಿನವನೇ ಇಬ್ಬರನ್ನೂ ಕಲಸಿದ್ದಾನೋ? ಮುರಿದ ಕಿಟಕಿಯಿಂದ ಬರುವ ಗಾಳಿ ನನ್ನ ಕೆನ್ನೆಗೆ ಈಗಲೂ ತಾಗುತ್ತದೆ. ತಾಗುತ್ತದೆ ಎಂದ ಮಾತ್ರಕ್ಕೆ ನಾನು ಅಲ್ಲಿ ಕೂತಿದ್ದೆ ಎಂದು ಹೇಳಲಾಗದು. ಬಹುಶಃ ಮಾತಾಡುತ್ತಲೇ ಇದ್ದು ಒಳಗೆ ಒಬ್ಬನೇ ಇದ್ದೆನೇನೋ. ಇದು ಎಂದೂ ಬಗೆಹರಿಯುವುದಿಲ್ಲ. ಆದರೆ ಆ ತಟ್ಟೆಯ ಎದುರು ಒಂದು ಸಂಗತಿ ಮಾತ್ರ ಸ್ಪಷ್ಟವಾಯಿತು. ಇಷ್ಟು ಅಲುಗಾಡುವ ನೆನಪನ್ನು ಇನ್ನೊಬ್ಬರ ದಾರಿಗೆ ಅಡ್ಡ ಇಡುವಂತಿಲ್ಲ.

‘ಯಾಕ ಲಿಂಗಸುಗೂರು?’ ಎಂದು ಕೇಳಿದೆ. ಕೇಳಿ, ಬಾಯಿಗೆ ಒಂದು ಇಡೀ ಮಿರ್ಚಿ ಇಟ್ಟುಕೊಂಡೆ. ಅದು ಬಿಸಿಯಿತ್ತು, ಒಳ್ಳೆಯದೇ ಆಯಿತು.

ಅವಳು ನಿಧಾನವಾಗಿ ಹೇಳಿದಳು. ನಡುನಡುವೆ ಬಹಳ ಹೊತ್ತು ನಿಂತಳು. ಅದನ್ನು ಇಲ್ಲಿ ಬರೆಯುವಾಗ ಒಟ್ಟಿಗೇ ಬರೆಯುತ್ತಿದ್ದೇನೆ. ‘ಮಸ್ಕ್ಯಾಗ ಎಲ್ಲಾರೂ ಒಳ್ಳೇರು ಪಪ್ಪಾ, ಅದಕ್ಕ ಬ್ಯಾಡ. ನಾ ಬಾಯಿ ತೆಗಿಯೋದ್ರಾಗ ಬಾಜೂ ಕುಂದ್ರಾಕಿ ಹೇಳಿಬಿಡ್ತಾಳ. ಎಷ್ಟೋ ಸಲ ನಾ ಹೇಳ್ಬೇಕಂದಿದ್ದು ಅದಲ್ಲ. ಮತ್ತ ಶುರು ಮಾಡ್ಬೇಕಲ್ಲ ಅಂತ ಬ್ಯಾಸರಾಗಿ ಹೂಂ ಅಂತೀನಿ. ಸಿಂಧನೂರಿನಾಗ ಮಾವ ಮೊದಲ ಹೇಳಿಟ್ಟಿರ್ತಾನ, ಅಲ್ಲೂ ಅದ ಆಕ್ಕತಿ. ಇಲ್ಲಿ ನಾ ಯಾರಂತ ಯಾರಿಗೂ ಗೊತ್ತಿಲ್ಲ. ಕೇಳಿದ್ರ ನಾನ ಹೇಳ್ಬೇಕು.’

‘ನಕ್ರ?’ ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು.

‘ನಗ್ಲಿ ಮಮ್ಮಿ. ನಕ್ಕು ಮುಗಿದ ಮ್ಯಾಲೆ ಕೇಳ್ತಾರಲ್ಲ.’

ಹೋಟೆಲಿನವನು ಬಟ್ಟೆಯಿಂದ ಮೇಜು ಒರೆಸುತ್ತ ನಿಂತಿದ್ದ, ಒರೆಸಿದ ಜಾಗವನ್ನೇ ಒರೆಸುತ್ತಿದ್ದ. ‘ನಾ ಎದುರಿಗೇ ಇರ್ತೀನಿ’ ಎಂದು ಶುರು ಮಾಡಿದವನು, ಮಗಳು ಅವನನ್ನು ನೋಡಿದ ರೀತಿಗೆ, ‘ಇರ್ತೀನಿ, ಆದ್ರ ಯಾರಿಗೂ ಏನೂ ಹೇಳಂಗಿಲ್ಲ ಬಿಡವ್ವ’ ಎಂದು ಮುಗಿಸಿದ.

ಹೆಂಡತಿ ಒಪ್ಪಲು ಇನ್ನೊಂದು ವಾರ ಬೇಕಾಯಿತು. ಸಿಂಧನೂರಿನ ಅವಳ ತಮ್ಮ ಇಂದಿಗೂ ಪೂರ್ತಿ ಒಪ್ಪಿಲ್ಲ. ಮಗಳ ಹಳೆಯ ಗೆಳತಿ ಮನೆಗೆ ಬಂದು ಅತ್ತಳು. ತಾನೇನು ತಪ್ಪು ಮಾಡಿದೆ ಎಂದು ಕೇಳಿದಳು. ಇಬ್ಬರೂ ಮಾಳಿಗೆಯ ಮೇಲೆ ಕೂತು ಏನು ಮಾತಾಡಿದರೋ, ಕೆಳಗೆ ಬರುವಾಗ ಇಬ್ಬರ ಮೂಗೂ ಕೆಂಪಾಗಿತ್ತು. ಈಗ ಭಾನುವಾರ ಬರುತ್ತಾಳೆ. ಒಮ್ಮೊಮ್ಮೆ ಇವಳ ಮಾತಿನ ನಡುವೆ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದು ಕೂರುತ್ತಾಳೆ.

ಪ್ರವೇಶದ ದಿನ ನಾನು ಮೇಜಿನ ಹತ್ತಿರ ಹೋಗಲಿಲ್ಲ. ಬಾಗಿಲಲ್ಲಿ ನಿಂತೆ. ಹೆಸರು ಕೇಳಿದರು. ಮಗಳ ಹಿಂದೆ ಉದ್ದನೆಯ ಸಾಲಿತ್ತು, ಯಾರೋ ‘ಜಲ್ದಿ ಹೇಳವ್ವ ತಾಯಿ’ ಎಂದರು. ಅವಳ ಹೆಗಲು ಮೇಲೇರುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಅವಳ ಹೆಸರು ನನ್ನ ಹಲ್ಲಿನ ತುದಿಗೆ ಬಂದು ನಿಂತಿತು. ಅದನ್ನು ಇಟ್ಟವನು ನಾನೇ, ಹೇಳಿಬಿಡುವುದು ಎಷ್ಟರ ಕೆಲಸ. ನಾನು ಹೊರಗೆ ಹೋಗಿ ಸೈಕಲ್ ಸ್ಟ್ಯಾಂಡಿನ ಹತ್ತಿರ ಸುತ್ತಿ ಬಂದೆ. ಬರುವಷ್ಟರಲ್ಲಿ ಅವಳು ರಸೀದಿ ಹಿಡಿದು ಹೊರಗೆ ನಿಂತು, ನಾನೆಲ್ಲಿ ಹೋದೆನೆಂದು ಹುಡುಕುತ್ತಿದ್ದಳು.

ಮೊದಲ ದಿನಗಳು ಸುಲಭವಾಗಿರಲಿಲ್ಲ. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆ ಬಂದವಳು ಬ್ಯಾಗು ಎಸೆದು ಮಲಗುತ್ತಿದ್ದಳು. ಯಾರೋ ಅಣಕಿಸಿದ್ದರು. ಅದು ಅವಳ ತಾಯಿಗೆ ಗೊತ್ತಾಯಿತು, ನನಗೆ ಬಹಳ ತಡವಾಗಿ ತಿಳಿಯಿತು. ‘ಹ್ಯಾಂಗಾತು ಇವತ್ತು?’ ಎಂದು ಕೇಳುವುದು, ಆಮೇಲೆ ಬಾಯಿ ಬಿಗಿಹಿಡಿದು ಕೂರುವುದು ನನ್ನ ಪಾಲಿನ ಅಭ್ಯಾಸ. ಅವಳು ಅಲ್ಲಿ ಮಾತಾಡಲು ಕಲಿತಷ್ಟು ಬೇಗ ನಾನು ಇಲ್ಲಿ ಸುಮ್ಮನಿರಲು ಕಲಿತಿಲ್ಲ. ಮನೆಯಲ್ಲಿ ಇದಕ್ಕೆ ಸಾಕಷ್ಟು ಸಾಕ್ಷಿಗಳಿದ್ದಾರೆ.

ಮಳೆ ಹಿಡಿದ ಒಂದು ಸಂಜೆ ಅವಳು ಬಂದವಳೇ ಬ್ಯಾಗು ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು, ನಾನೂ ತಾಯಿಯೂ ಊಟಕ್ಕೆ ಕೂತಿದ್ದೆವು. ಫಿಸಿಕ್ಸ್ ಕಲಿಸುವವರು ದಿನಾ ಸಾಲಾಗಿ ಪ್ರಶ್ನೆ ಕೇಳುತ್ತಾ ಬರುತ್ತಾರಂತೆ. ಇವಳ ಸರದಿ ಬಂದಾಗ ಕನಿಕರದಿಂದ ದಾಟಿ ಹೋಗುತ್ತಿದ್ದರಂತೆ. ಇವಳು ಹಿಂದಿನ ದಿನ ತರಗತಿ ಮುಗಿದ ಮೇಲೆ ಅವರ ಹಿಂದೆ ಹೋಗಿ, ‘ಸರ್, ನನಗೂ ಕೇಳ್ರಿ’ ಎಂದು ಬಂದಿದ್ದಳಂತೆ.

‘ಕೇಳಿದ್ರೇನು?’ ಎಂದೆ.

‘ಇವತ್ತು ಕೇಳಿದ್ರು. ಎದ್ದು ಪೂರ್ತಿ ಹೇಳಿದೆ. ಗಂಟಿ ಹೊಡೀತು, ಆದ್ರೂ ಕುಂತಿದ್ರು ಎಲ್ಲಾರೂ.’

ನಾನು ಒಂದು ತುತ್ತು ಬಾಯಿಗಿಟ್ಟುಕೊಂಡು ಕಾದೆ.

‘ತಪ್ಪು ಉತ್ತರ’ ಎಂದು ಮಗಳು ನಕ್ಕಳು. ‘ಪೂರಾ ತಪ್ಪು.’

‘ತಪ್ಪು ಹೇಳಾಕ ಬಸ್ ಹತ್ತಿ ಲಿಂಗಸುಗೂರಿಗೆ ಹೋಗ್ಬೇಕಾಗಿತ್ತೇನ ಬೇ?’ ಎಂದಳು ನನ್ನ ತಾಯಿ.

ಮಗಳು ಉತ್ತರ ಹೇಳಲು ಶುರು ಮಾಡಿ ನಿಂತಳು. ಹಂಚಿನ ಮೇಲೆ ರೊಟ್ಟಿ ಹೊತ್ತತೊಡಗಿತು. ಹೆಂಡತಿ ಅದನ್ನು ತಿರುವದೆ ಮಗಳ ಮುಖ ನೋಡುತ್ತ ಕೂತಳು. ಕೊನೆಗೆ ಮಾತು ಬಂತು.

‘ಮಸ್ಕ್ಯಾಗ ತಪ್ಪು ಹೇಳಾಕೂ ಬಿಡ್ತಿದ್ದಿಲ್ಲಲ್ಲ!’